ಓಟಿ ಅಂದರೆ ಆಪರೇಷನ್ ಅಲ್ಲ, ತಮ್ಮಾ

ನಿನ್ನೆ ಸಂಜೆ ನೀನು ನಮ್ಮ ಕಟ್ಟೆಗೆ ಬಂದೆ. ಕುಂತೆ ಅಂತ ಹೇಗೆ ಹೇಳಲಿ? ಒಂದು ಕಾಲು ಕಟ್ಟೆಯ ಮೇಲಿತ್ತು, ಇನ್ನೊಂದು ಗಾಡಿಯ ಕಿಕ್ಕರಿನ ಮೇಲೆ. “ಮುತ್ಯಾ, ಮಿಲ್ಟ್ರಿ ದವಾಖಾನ್ಯಾಗ ಆಕ್ಯುಪೇಷನಲ್ ಥೆರಪಿಸ್ಟ್ ಎಲ್ಲಿ ಸಿಗತಾರ? ಬೆಳಗಾವ್ಯೋ, ಪುಣೇನೋ, ಬೆಂಗಳೂರೋ? ಹೇಳ್ರಿ, ಇವತ್ತ ರಾತ್ರಿ ಬಸ್ಸಿಗೆ ಹೊಂಡತೀನಿ” ಅಂತ ಒಂದೇ ಉಸಿರಿಗೆ ಕೇಳಿದೆ. ನಾನು ಬಾಯಿ ತೆರೆಯುವ ಮೊದಲೇ ಫೋನು ತೆರೆದು ನಾಲ್ಕು ನಂಬರು ತೋರಿಸಿದೆ. ಒಳಗಿಂದ ಬಂದ ಚಹಾ ಬಸಿಯಲ್ಲೇ ಆರಿತು. ನಾನು ಹೇಳಬೇಕಾದ್ದು ಗಂಟಲಲ್ಲೇ ಉಳಿಯಿತು. ನೀನು ಹೋಗಿಬಿಟ್ಟೆ.

ನಿನ್ನ ಅವಸರ ನನಗೆ ತಿಳಿಯುತ್ತದೆ. ಮೂರು ವಾರದ ಕೆಳಗೆ ನಿಮ್ಮಪ್ಪನಿಗೆ ಲಕ್ವಾ ಹೊಡೆದು ಬಲಗೈ ಬಿದ್ದಿದೆ. ಹದಿನೇಳು ವರ್ಷ ಬಂದೂಕು ಹಿಡಿದ ಕೈ ಅದು. ವಿದ್ಯಾಗಿರಿಯ ಕಾಲೇಜು ಬಿಟ್ಟು ಇಳಕಲ್ಲಿಗೆ ಓಡಿ ಬಂದಿದ್ದೀ. ರಾತ್ರಿ ಅಪ್ಪನ ಹೊರಸಿನ ಪಕ್ಕದಲ್ಲೇ ಚಾಪೆ ಹಾಸಿಕೊಳ್ಳುತ್ತೀ. ನಿನ್ನ ವಾರಿಗೆಯವರಲ್ಲಿ ಇಷ್ಟು ಮಾಡುವವರು ಎಷ್ಟು ಮಂದಿ? ನೀನು ಗಟ್ಟಿ ಕಾಳು, ಅದರಲ್ಲಿ ಸಂಶಯವಿಲ್ಲ. ಆದರೆ ಗಟ್ಟಿ ಕಾಳೂ ಮೊಳಕೆ ಒಡೆಯಬೇಕಾದರೆ ಒಂದು ರಾತ್ರಿ ನೀರಲ್ಲಿ ನೆನೆಯಲೇಬೇಕು. ಬಾ, ಇವತ್ತು ಎರಡೂ ಕಾಲು ಕಟ್ಟೆಯ ಮೇಲಿಟ್ಟು ಕೂಡು. ಆ ಫೋನನ್ನು ಮಗ್ಗಲಿಗಿಡು.

ನಾನು ಡಾಕ್ಟರಲ್ಲ. ಇಪ್ಪತ್ನಾಲ್ಕು ವರ್ಷ ಆರ್ಮಿ ಮೆಡಿಕಲ್ ಕೋರಿನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದೆ. ವಾರ್ಡಿನಲ್ಲಿ ಪಟ್ಟಿ ಕಟ್ಟಿದ್ದೇನೆ, ಬೆಡ್‌ಪ್ಯಾನ್ ಎತ್ತಿದ್ದೇನೆ, ನಡುರಾತ್ರಿ ಅಳುವ ಜವಾನರ ತಲೆ ನೇವರಿಸಿದ್ದೇನೆ. ಕಣ್ಣಾರೆ ಕಂಡಿದ್ದನ್ನೂ ಮನೆಯಲ್ಲಿ ಉಂಡ ಪೆಟ್ಟನ್ನೂ ಹೇಳುತ್ತೇನೆ, ಕೇಳು.

ಮೊದಲು ಹೆಸರಿನ ಗೊಂದಲ ಬಿಡಿಸಿಕೋ. ದವಾಖಾನೆಯ ಬಾಗಿಲಲ್ಲಿ ನಿಂತು ‘ಓಟಿ ಎಲ್ಲಿ’ ಅಂತ ಕೇಳಿದರೆ ಎಲ್ಲರೂ ಆಪರೇಷನ್ ಥಿಯೇಟರಿನ ಕಡೆ ಕೈ ತೋರಿಸುತ್ತಾರೆ. ಆಕ್ಯುಪೇಷನಲ್ ಥೆರಪಿಗೂ ಅವೇ ಎರಡಕ್ಷರ. ಆ ಎರಡಕ್ಷರ ನಮ್ಮ ಮನೆಯಲ್ಲಿ ಏನು ಮಾಡಿತು ಗೊತ್ತೇನು?

ನಮ್ಮಣ್ಣನೂ ಫೌಜಿನವನೇ. ಪಿಂಚಣಿ ಬಂದ ಮೇಲೆ ಮನೆಯ ಕುಣಿಮಗ್ಗಕ್ಕೆ ಇಳಿದ. ಇಳಕಲ್ ಸೀರೆಯ ಮೈಗೂ ಸೆರಗಿಗೂ ಎಳೆಗೆ ಎಳೆ ಸೇರಿಸಿ ಕೊಂಡಿ ಹಾಕುತ್ತಾರಲ್ಲ, ಆ ಕೆಲಸದಲ್ಲಿ ಅವನ ಬೆರಳು ಹೆಸರುವಾಸಿ. ಒಂದು ಮುಂಜಾನೆ ಮಗ್ಗದಲ್ಲಿ ಕೂತಿದ್ದಾಗಲೇ ಲಾಳಿಯ ಹಗ್ಗ ಜಗ್ಗುವ ಕೈ ಜಾರಿ ಬಿತ್ತು. ಮಾತು ತೊದಲಿತು. ದೊಡ್ಡ ಊರಿನ ಒಂದು ದವಾಖಾನೆಯವರು ಹನ್ನೆರಡು ದಿನ ಇಟ್ಟುಕೊಂಡು, ಜೀವ ಉಳಿಸಿ ಮನೆಗೆ ಕಳಿಸಿದರು. ನಾನಾಗ ಹುಬ್ಬಳ್ಳಿಯಲ್ಲಿ ಮಗಳ ಮನೆಯಲ್ಲಿದ್ದೆ. ಫೋನು ಮಾಡಿದಾಗಲೆಲ್ಲ ವೈನಿ ‘ಆರಾಮದಾರ’ ಅನ್ನುತ್ತಿದ್ದರು. ಬನದ ಹುಣ್ಣಿವೆಗೆ ಬನಶಂಕರಿ ಜಾತ್ರೆಗೆಂದು ಬಂದವನು ಬಾದಾಮಿಯಿಂದ ನೆಟ್ಟಗೆ ಇಳಕಲ್ಲಿಗೆ ಹೋದೆ. ಅಣ್ಣ ಹೊರಸಿನ ಮೇಲಿದ್ದ. ಬಲಗೈ ಮುಷ್ಟಿ ಬಿಗಿದು ಹೋಗಿತ್ತು. ಉಗುರು ಅಂಗೈಯಲ್ಲಿ ನೆಟ್ಟು ಹುಣ್ಣಾಗಿತ್ತು. ಭುಜ ಮುಟ್ಟಿದರೆ ಚೀರುತ್ತಿದ್ದ.

ಬಿಡುಗಡೆ ಕಾಗದ ತರಿಸಿ ಓದಿದೆ. ಎರಡು ವಾರ ಬಿಟ್ಟು ಓ.ಟಿ.ಗೆ ಬರಬೇಕು ಅಂತ ಕೊನೆಯ ಸಾಲಿನಲ್ಲಿ ಬರೆದಿತ್ತು. “ಯಾಕ ಹೋಗಲಿಲ್ಲ, ವೈನಿ?” ಅಂದೆ. ಅವರು ಸೆರಗಿನ ತುದಿ ಬಾಯಿಗೆ ಹಿಡಿದು ಅಂದರು: “ಮತ್ತೊಂದ್ ಆಪ್ರೇಶನ್ ಮಾಡತಾರಂತ ಹೆದರಿದ್ವಿ, ತಮ್ಮಾ. ಇದ್ದಷ್ಟರಾಗ ಆರಾಮದಾರಲ್ಲ, ಇನ್ನ ತಲಿ ಕೊಯ್ಸೂದು ಬ್ಯಾಡ ಅಂದ್ವಿ.”

ಮೂರು ತಿಂಗಳು ಹಾಗೇ ಕಳೆದಿತ್ತು. ಲಕ್ವಾ ಹೊಡೆದ ಮಿದುಳು ಕಳೆದದ್ದನ್ನು ಮರಳಿ ಕಲಿಯಲು ಹೆಚ್ಚು ತಯಾರಿರುವ ಕಾಲವೇ ಅದು. ಆಮೇಲೆ ಕಲಿಯುವುದೇ ಇಲ್ಲ ಅಂತಲ್ಲ, ಕಲಿಯುತ್ತದೆ. ಆದರೆ ಹಸಿ ಇದ್ದಾಗ ಬಿತ್ತಿದ ಹಿಂಗಾರಿ ಜೋಳಕ್ಕೂ ಹದ ಆರಿದ ಮೇಲೆ ಬಿತ್ತಿದ್ದಕ್ಕೂ ಇರುವ ಫರಕು ಹುನಗುಂದದ ಎರೆಭೂಮಿಯವರಿಗೆ ಬಿಡಿಸಿ ಹೇಳಬೇಕೇನು? ಆ ಕಾಗದ ಕೊಟ್ಟವರು ಒಂದೇ ಒಂದು ಮಾತು, ‘ಅವ್ವಾ, ಇದು ಕೊಯ್ಯುವುದಲ್ಲ, ಕೈಗೆ ಕೆಲಸ ಕಲಿಸುವುದು’ ಅಂತ ಹೇಳಿದ್ದರೆ ಸಾಕಿತ್ತು. ಆ ಸಂಕಟ ಇವತ್ತಿಗೂ ನನ್ನ ಎದೆಯಲ್ಲಿದೆ. ನಿನ್ನನ್ನು ಹಿಡಿದು ಕೂರಿಸಿಕೊಂಡಿರುವುದೂ ಅದಕ್ಕೇ. ನಿಮ್ಮಪ್ಪನ ಡಿಸ್ಚಾರ್ಜ್ ಕಾಗದದ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ‘ಇದೇನು, ಇದೇನು’ ಅಂತ ಕೇಳು. ಕೇಳಲು ನಾಚಬೇಡ. ಎರಡಕ್ಷರದ ಮಾತು ಎಲ್ಲಿ ಕಂಡರೂ ಪೂರ್ತಿ ಬಿಡಿಸಿ ಹೇಳಿಸಿಕೋ.

ಇನ್ನು ಈ ಥೆರಪಿಸ್ಟ್ ಮಾಡುವುದೇನು? ಫಿಸಿಯೋ ಅಂದರೆ ನಿನಗೆ ಗೊತ್ತು. ಬಿಗಿದ ಕೀಲು ಸಡಿಲ ಮಾಡಿ, ಸೋತ ಸ್ನಾಯುವಿಗೆ ಬಲ ಬರಿಸಿ, ನಿಲ್ಲಿಸಿ ನಡೆಸುತ್ತಾರೆ. ಅವರಿಲ್ಲದೆ ಆಗುವುದಿಲ್ಲ. ಆಕ್ಯುಪೇಷನಲ್ ಥೆರಪಿಯವರು ಆ ಎದ್ದ ಕೈಯನ್ನು ದಿನದ ಕೆಲಸಕ್ಕೆ ಹಚ್ಚುತ್ತಾರೆ. ಅಂಗಿಯ ಗುಂಡಿ ಹಾಕುವುದು, ಚರಿಗೆ ಎತ್ತುವುದು, ಧೋತರ ಉಡುವುದು, ರೊಟ್ಟಿ ಮುರಿಯುವುದು, ಸಹಿ ಮಾಡುವುದು. ಕೈ ಪೂರ್ತಿ ಬರದಿದ್ದರೆ ಬಂದಷ್ಟರಲ್ಲೇ ಕೆಲಸ ಸಾಗಿಸುವ ಹಾದಿ ಹುಡುಕಿಕೊಡುತ್ತಾರೆ. ಸಾಮಾನು ಬದಲಿಸುತ್ತಾರೆ, ಮನೆಯ ಹೊಸ್ತಿಲು ಎತ್ತರವಾಗಿದ್ದರೆ ಅದನ್ನೂ ಕೇಳುತ್ತಾರೆ. ಮರೆವು, ಗಮನ ತಪ್ಪುವುದು, ಒಂದು ಮಗ್ಗಲಿನ ವಸ್ತು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳದಿರುವುದು, ಇವನ್ನೂ ಅವರೇ ನೋಡುತ್ತಾರೆ.

ನಾನು ಮೊದಲ ಸಲ ಈ ಕೆಲಸ ಕಂಡಿದ್ದು ಒಂದು ಸೇನಾ ಆಸ್ಪತ್ರೆಯ ಮೂಲೆಯ ಕೋಣೆಯಲ್ಲಿ. ಇಪ್ಪತ್ತೆರಡರ ಒಬ್ಬ ಸಿಪಾಯಿ, ಲಾರಿಯ ಹಿಂಬಾಗಿಲು ಬಡಿದು ಬಲಗೈಯ ಎಲುಬು ಮುರಿದಿತ್ತು. ಎಲುಬು ಕೂಡಿತು, ಬೆರಳು ಮಾತ್ರ ಕಟ್ಟಿಗೆಯಂತೆ ನಿಂತವು. ಥೆರಪಿಸ್ಟ್ ಮೇಡಂ ಅಗಲವಾದ ತಟ್ಟೆಯಲ್ಲಿ ಬಿಸಿನೀರು ಕಾಯಿಸಿ, ಅದರಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಹಾಳೆ ಬಿಟ್ಟರು. ನೋಡನೋಡುತ್ತಲೇ ಅದು ಮೆತ್ತಗಾಗಿ ತಟ್ಟಿದ ಹಿಟ್ಟಿನಂತೆ ಬಾಗಿತು. ಇಕ್ಕಳದಿಂದ ಎತ್ತಿ, ಟವೆಲ್ಲಿನಲ್ಲಿ ಒತ್ತಿ ನೀರು ತೆಗೆದು, ತಮ್ಮ ಮುಂಗೈಗೆ ಮೊದಲು ತಾಗಿಸಿ ಬಿಸಿ ನೋಡಿಕೊಂಡರು. ಆಮೇಲೆ ಆ ಹುಡುಗನ ಕೈ ಮೇಲಿಟ್ಟು, ನಮ್ಮ ಹೆಣ್ಣುಮಕ್ಕಳು ರೊಟ್ಟಿ ಬಡಿಯುವಷ್ಟೇ ಹಗುರಾಗಿ ಅಂಗೈಯಿಂದ ತಟ್ಟಿ ತಟ್ಟಿ ಕೂರಿಸಿದರು. ಎರಡು ಮೂರು ನಿಮಿಷಕ್ಕೆ ಅದು ಗಟ್ಟಿಯಾಗಿ ಅವನ ಕೈಯದೇ ಅಚ್ಚಾಯಿತು. ಅಂಚು ಚುಚ್ಚದಂತೆ ಕತ್ತರಿಸಿ, ಪಟ್ಟಿ ಹಚ್ಚಿ, ರಾತ್ರಿ ಇದನ್ನು ಹಾಕಿಕೊಂಡು ಮಲಗು ಅಂದರು. ಅದಕ್ಕೆ ಸ್ಪ್ಲಿಂಟ್ ಅನ್ನುತ್ತಾರೆ.

ಮರುದಿನ ಅವರು ಕೇಳಿದ ಪ್ರಶ್ನೆ ನನಗೆ ಇನ್ನೂ ಕಿವಿಯಲ್ಲಿದೆ. “ಊರಲ್ಲಿ ಮುಂಜಾನೆದ್ದು ಏನು ಮಾಡುತ್ತಿದ್ದೆ?” ಹುಡುಗ ನಾಚಿ, “ಎಮ್ಮೆ ಹಿಂಡುತ್ತಿದ್ದೆ” ಅಂದ. ಮೇಡಂ ಒಂದು ರಬ್ಬರ್ ಗ್ಲೌಸಿಗೆ ನೀರು ತುಂಬಿ, ಬಾಯಿ ಕಟ್ಟಿ, ಸಲೈನ್ ತೂಗುಹಾಕುವ ಕಂಬಕ್ಕೆ ಬಿಗಿದು, ಬೆರಳುಗಳ ತುದಿಗೆ ಸೂಜಿ ಚುಚ್ಚಿದರು. ಕೆಳಗೆ ಬಕೀಟು ಇಟ್ಟರು. “ಹಿಂಡು” ಅಂದರು. ಮೊದಲ ದಿನ ನಾಲ್ಕು ಹನಿ ಬಿತ್ತು, ಅಷ್ಟಕ್ಕೇ ಹುಡುಗನ ಮುಖ ಬೆವರಿತು. ಹತ್ತನೇ ದಿನ ಬಕೀಟಿನ ತಳದಲ್ಲಿ ಸರ್ ಅಂತ ಸಪ್ಪಳ ಬಂತು, ಇಡೀ ವಾರ್ಡು ಕೈ ಚಪ್ಪಾಳೆ ಹೊಡೆಯಿತು. ಬರೀ ಚೆಂಡು ಹಿಚುಕು ಅಂದಿದ್ದರೆ ಆ ಹುಡುಗ ಎರಡೇ ದಿನಕ್ಕೆ ಬೇಸತ್ತು ಮೂಲೆಗೆಸೆಯುತ್ತಿದ್ದ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಕೈಗೆ ತನ್ನ ಊರಿನ ಕೆಲಸ ನೆನಪಿರುತ್ತದೆ, ತಮ್ಮಾ.

ಈ ವಿದ್ಯೆಗೂ ಫೌಜಿಗೂ ಹಳೆಯ ನಂಟು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸಿಪಾಯಿಗಳು ಲಕ್ಷಗಟ್ಟಲೆ ಮರಳಿ ಬಂದಾಗಲೇ ಯುರೋಪು, ಅಮೆರಿಕಗಳಲ್ಲಿ ಇದು ಬೇರೂರಿದ್ದು. ಆ ಆಸ್ಪತ್ರೆಗಳಲ್ಲಿ ಬುಟ್ಟಿ ಹೆಣೆಯುವುದು, ಮರಗೆಲಸ ಇತ್ತು. ಮಗ್ಗವೂ ಇತ್ತು! ಇಳಕಲ್ಲಿನವನಾದ ನೀನು ಇದನ್ನು ನೆನಪಿಡು. ನಿಮ್ಮ ಓಣಿಯಲ್ಲಿ ಹಗಲೆಲ್ಲ ಲಟಕ್ ಪಟಕ್ ಅನ್ನುವ ಮಗ್ಗವನ್ನೇ ಅಲ್ಲಿ ಕೈಗೆ, ಕಾಲಿಗೆ, ಕದಡಿದ ಮನಸ್ಸಿಗೆ ಔಷಧಿ ಮಾಡಿಕೊಂಡಿದ್ದರು. ನಮ್ಮ ದೇಶದಲ್ಲೂ ಯುದ್ಧದಲ್ಲಿ ಅಂಗ ಊನವಾದ ಸೈನಿಕರಿಗೆ ಕಸುಬು ಕಲಿಸಲೆಂದೇ 1917ರಲ್ಲಿ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆ ಹುಟ್ಟಿತು. ಅದು ಈಗ ಪುಣೆಯ ಖಡಕಿಯಲ್ಲಿದೆ. ಪುಣೆಯ ಕೃತಕ ಅಂಗ ಕೇಂದ್ರ 1944ರದು. ಬೆನ್ನುಹುರಿ ಪೆಟ್ಟಾದ ಸೈನಿಕರ ಪುನರ್ವಸತಿ ಕೇಂದ್ರ ಖಡಕಿಯಲ್ಲೇ 1974ರಲ್ಲಿ ಶುರುವಾಯಿತು. ಆಕ್ಯುಪೇಷನಲ್ ಥೆರಪಿಯನ್ನು ನಮ್ಮಲ್ಲಿ ಶಾಲೆ ಕಟ್ಟಿ ಕಲಿಸಲು ಮೊದಲು ಮಾಡಿದ್ದು ಕಮಲಾ ನಿಂಬಕರ್. ಅಮೆರಿಕದಲ್ಲಿ ಹುಟ್ಟಿ, ಮದುವೆಯಾಗಿ ನಮ್ಮ ಕಡೆ ಬಂದ ಹೆಣ್ಣುಮಗಳು. 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆ ಶಾಲೆ ತೆರೆದರು.

ಈಗ ನಿನ್ನ ಪ್ರಶ್ನೆಗೆ ಬರೋಣ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಮಾಜಿ ಸೈನಿಕರಿಗೆ ಸೇನಾ ಆಸ್ಪತ್ರೆ ಅಂದರೆ ಬೆಳಗಾವಿ. ಮರಾಠಾ ರೆಜಿಮೆಂಟಿನ ಸೆಂಟರ್ ಇರುವ ಊರು, ಕ್ಯಾಂಪಿನಲ್ಲಿ ಮಿಲಿಟರಿ ಹಾಸ್ಪಿಟಲ್ ಇದೆ. ಅದರಾಚೆ ಬೆಂಗಳೂರಿನ ವಾಯುಪಡೆಯ ಕಮಾಂಡ್ ಹಾಸ್ಪಿಟಲ್, ಪುಣೆಯ ಕಮಾಂಡ್ ಹಾಸ್ಪಿಟಲ್. ಆದರೆ ನೀನು ಮಾಡಹೊರಟಂತೆ ಅಪ್ಪನನ್ನು ರಾತ್ರಿ ಬಸ್ಸಿಗೆ ಹತ್ತಿಸಿ ಸೀದಾ ಹೋಗಿ ಗೇಟಿನಲ್ಲಿ ನಿಂತರೆ ಸುಖವಿಲ್ಲ. ಬೀಳುವ ಹುಚ್ಚು ಮಳೆಗಿಂತ ಕಾಲುವೆಯ ನೀರೇ ಹೊಲ ಮುಟ್ಟುವುದು. ನಿಮ್ಮಪ್ಪನಿಗೆ ಇಸಿಎಚ್‌ಎಸ್ ಕಾರ್ಡಿದೆ. 2003ರ ಏಪ್ರಿಲ್ 1ರಂದು ಶುರುವಾದ, ಮಾಜಿ ಸೈನಿಕರ ಆರೋಗ್ಯ ಯೋಜನೆ ಅದು. ಕಾರ್ಡು ಯಾವ ಪಾಲಿಕ್ಲಿನಿಕ್ಕಿಗೆ ಸೇರಿದೆಯೋ ಅಲ್ಲಿಗೆ ಮೊದಲು ಹೋಗು. ಅಲ್ಲಿನ ಮೆಡಿಕಲ್ ಆಫೀಸರ್ ಬರೆದುಕೊಟ್ಟ ರೆಫರಲ್ ಕೈಯಲ್ಲಿದ್ದರೆ ಸೇನಾ ಆಸ್ಪತ್ರೆಯಾದರೂ ಸರಿ, ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಯಾದರೂ ಸರಿ, ಬಾಗಿಲು ತೆರೆಯುತ್ತದೆ. ತುರ್ತು ಇದ್ದಾಗ ಮಾತ್ರ ಹತ್ತಿರದ ಆಸ್ಪತ್ರೆಗೆ ನೇರ ಒಯ್ಯಬೇಕು. ನಾಳೆ ಯಾರಿಗಾದರೂ ಬಾಯಿ ಸೊಟ್ಟಾಗಿ, ಕೈ ಜೋತು, ಮಾತು ತೊದಲಿದರೆ ಅರಿಷಿಣ, ದೃಷ್ಟಿ, ದೇವರು ಅಂತ ಕೂಡಬೇಡ. ಮಿದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ತಾಸಿನ ಗಡುವು ಇದೆ.

ರೆಫರಲ್ ಬರೆಸುವಾಗ ಬಾಯಿ ಬಿಟ್ಟು ಕೇಳು: “ಸಾಹೇಬ್ರ, ಫಿಸಿಯೋಥೆರಪಿ ಅಂತ ಒಂದೇ ಬರೀಬ್ಯಾಡ್ರಿ, ಆಕ್ಯುಪೇಷನಲ್ ಥೆರಪಿ ಅಂತ ಪೂರ್ತಿ ಬರೀರಿ.” ಬರೆಯದಿದ್ದರೆ ಆ ಕಡೆಯವರು ಬರೆದಷ್ಟನ್ನೇ ಮಾಡಿ ಕಳಿಸುತ್ತಾರೆ. ಹೊರಡುವ ಮುನ್ನ ಆಸ್ಪತ್ರೆಗೆ ಫೋನು ಹಚ್ಚು. ಆಕ್ಯುಪೇಷನಲ್ ಥೆರಪಿಸ್ಟ್ ಈಗ ಇದ್ದಾರೋ, ವಾರದ ಯಾವ ದಿನ ಹೊರರೋಗಿಗಳನ್ನು ನೋಡುತ್ತಾರೋ, ಮಾಜಿ ಸೈನಿಕರಿಗೆ ಪಾಳಿ ಯಾವಾಗ ಸಿಗುತ್ತದೋ ಕೇಳಿಕೋ. ಫೌಜಿನಲ್ಲಿ ಇವತ್ತು ಇದ್ದವರು ನಾಳೆ ಇನ್ನೊಂದು ಊರಿಗೆ ವರ್ಗ. ಸಣ್ಣ ಆಸ್ಪತ್ರೆಗಳಲ್ಲಿ ಫಿಸಿಯೋ ಒಬ್ಬರೇ ಇರುವುದುಂಟು. ಹಾಗಿದ್ದರೆ ಜಗಳ ಕಾಯಬೇಡ. ಸ್ಪೆಷಲಿಸ್ಟ್ ಡಾಕ್ಟರರನ್ನು ಕಂಡು ದೊಡ್ಡ ಆಸ್ಪತ್ರೆಗೆ ಕಳಿಸಿಕೊಡಲು ವಿನಂತಿಸು. ಫಿಸಿಕಲ್ ಮೆಡಿಸಿನ್ ಮತ್ತು ರಿಹ್ಯಾಬಿಲಿಟೇಷನ್ ಅಂತ ಬೋರ್ಡು ಕಂಡರೆ ಅದರ ಒಳಗೇ ನಿನಗೆ ಬೇಕಾದವರು ಕೂತಿರುವ ಸಂಭವ ಹೆಚ್ಚು.

ಇನ್ನೊಂದು ಮಾತು. ಬಾಗಿಲ ಪಹರೆಯವನ ಹತ್ತಿರ, ಚೀಟಿ ಬರೆಯುವವನ ಹತ್ತಿರ ಮೆತ್ತಗೆ ಮಾತಾಡು. ನೀನು ಕಾಲೇಜಿನಲ್ಲಿ ಚುರುಕು, ಒಪ್ಪಿದೆ. ಚುರುಕು ಮಾತು ಪಾಳಿಯಲ್ಲಿ ನಿಂತಾಗ ಚುರುಗುಟ್ಟುತ್ತದೆ. ವಾರ್ಡುಬಾಯ್‌ಗೆ ‘ಭಯ್ಯಾ’ ಅಂದ ಹುಡುಗನಿಗೆ ಕುರ್ಚಿ ಸಿಕ್ಕಿದ್ದನ್ನೂ, ‘ನಮ್ಮಪ್ಪ ಯಾರು ಗೊತ್ತೇನು’ ಅಂದವನು ಮಧ್ಯಾಹ್ನದವರೆಗೆ ನಿಂತಿದ್ದನ್ನೂ ನಾನೇ ಕಂಡಿದ್ದೇನೆ.

ಆದರೆ ಇದೆಲ್ಲ ಹಾದಿ ಅಷ್ಟೇ. ಬಾಗಿಲು ತೆರೆದ ಮೇಲೆ ಕೆಲಸ ಕೆಡಿಸುವವನು ಯಾರು ಗೊತ್ತೇನು? ನಿಮ್ಮಪ್ಪ. ಸಿಟ್ಟಾಗಬೇಡ. ಫೌಜಿನವರ ಬಾಯಲ್ಲಿ ಒಂದು ಮಾತು ಅಚ್ಚೊತ್ತಿರುತ್ತದೆ: ‘ಠೀಕ್ ಹೈ, ಸರ್’. ಜ್ವರದಲ್ಲಿ ಕುದಿಯುತ್ತಿದ್ದರೂ ಠೀಕ್ ಹೈ, ಕಾಲು ಕತ್ತರಿಸಿದ ಮರುದಿನವೂ ಠೀಕ್ ಹೈ. ಥೆರಪಿಸ್ಟ್ ‘ಏನು ತೊಂದರೆ’ ಅಂತ ಕೇಳಿದರೆ ನಿಮ್ಮಪ್ಪ ಎದೆ ಸೆಟೆಸಿ ಅದನ್ನೇ ಹೇಳುತ್ತಾನೆ. ನಿನ್ನೆ ನಿಮ್ಮ ಮನೆ ಮುಂದೆ ಹಾಯ್ದಾಗ ನಾನು ನೋಡಿದೆನಲ್ಲ, ನನ್ನನ್ನು ಕಂಡ ಕೂಡಲೇ ಬಲಗೈ ಮೇಲೆ ಟವೆಲ್ ಎಳೆದುಕೊಂಡ. ನಿಮ್ಮವ್ವ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಆ ಟವೆಲ್ಲಿನ ಅಡಿಯಲ್ಲಿ ಏನಿದೆ ಅನ್ನುವುದನ್ನು ನೀನು ಹೇಳಬೇಕು. ಅವನಿಗೆ ಅವಮಾನವಾಗದಂತೆ ಹೇಳಬೇಕು.

ಒಂದು ವಹಿಯ ಹಾಳೆ ತೆಗೆದುಕೋ. ನಾಳೆ ಮುಂಜಾನೆಯಿಂದ ರಾತ್ರಿವರೆಗೆ ಅಪ್ಪನ ದಿನ ಬರೆ. ಎದ್ದು ಕೂಡಲು ಯಾರು ಹಿಡಿಯಬೇಕು, ಬಾಯಿ ಮುಕ್ಕಳಿಸಿದರೆ ನೀರು ಯಾವ ಕಡೆ ಸೋರುತ್ತದೆ, ಪಾಯಖಾನೆಯಲ್ಲಿ ಕುಕ್ಕರಗಾಲಲ್ಲಿ ಕೂಡಲಾಗುತ್ತದೋ ಇಲ್ಲವೋ, ಅಂಗಿಯ ಯಾವ ತೋಳು ಮೊದಲು ಹಾಕುತ್ತಾನೆ, ತಾಟಿನ ಬಲಮಗ್ಗಲಿನ ಪಲ್ಯ ಉಣ್ಣದೆ ಬಿಡುತ್ತಾನೋ ಹೇಗೆ. ಈ ಕೊನೆಯದನ್ನು ಚೆನ್ನಾಗಿ ನೋಡು. ಹಸಿವಿಲ್ಲ ಅಂತ ತಿಳಿಯಬೇಡ, ಆ ಮಗ್ಗಲು ಅವನ ಗಮನಕ್ಕೇ ಬರುತ್ತಿರಲಿಕ್ಕಿಲ್ಲ. ಜತೆಗೆ, ಮೊದಲಿದ್ದ ಅವನ ದಿನವನ್ನೂ ಬರೆ. ಏನು ಕೆಲಸ ಇಷ್ಟ, ಯಾವ ಕೆಲಸ ಬೇರೆಯವರು ಮಾಡಿದರೆ ಸೇರುವುದಿಲ್ಲ. ಈ ಎರಡು ಪುಟ ಥೆರಪಿಸ್ಟರ ಕೈಗೆ ಕೊಟ್ಟರೆ, ಎಂಆರ್‌ಐ ಫಿಲ್ಮು ಹೇಳದ್ದನ್ನು ಅದು ಹೇಳುತ್ತದೆ. ಅಪ್ಪನಿಗೆ ಮೊದಲೇ ತೋರಿಸು. ಅವನೇ ಒಂದೆರಡು ತಿದ್ದಲಿ.

ಹೋಗುವವರೆಗೆ ಮನೆಯಲ್ಲಿ ಏನು? ಎಬ್ಬಿಸುವಾಗ ಬಿದ್ದ ಕೈಯನ್ನು ಹಿಡಿದು ಜಗ್ಗಬೇಡ. ಸ್ನಾಯು ಸೋತ ಭುಜದ ಕೀಲು ಸಡಿಲಾಗಿರುತ್ತದೆ, ಜಗ್ಗಿದರೆ ಜಾರುತ್ತದೆ. ನಮ್ಮಣ್ಣನ ಚೀರಾಟಕ್ಕೆ ಅದೇ ಕಾರಣ. ನಾಲ್ಕು ಮಂದಿ ಪ್ರೀತಿಯಿಂದ ಕೈ ಹಿಡಿದೇ ಎಬ್ಬಿಸುತ್ತಿದ್ದರು. ಕೂತಾಗ ಆ ಕೈ ಜೋತಾಡದಂತೆ ದಿಂಬಿನ ಮೇಲಿಡು. ಯಾರೋ ಹೇಳಿದರು ಅಂತ ಸ್ಪಂಜಿನ ಚೆಂಡು ಕೊಟ್ಟು ಹಿಚುಕಿಸಬೇಡ. ಬಿಗಿಯುವ ಕೈ ಇನ್ನಷ್ಟು ಬಿಗಿದೀತು, ಥೆರಪಿಸ್ಟ್ ನೋಡಿ ಹೇಳಲಿ. ಅಂಗಿ ತೊಡಿಸುವಾಗ ಸೋತ ತೋಳು ಮೊದಲು, ತೆಗೆಯುವಾಗ ಅದು ಕೊನೆಗೆ. ಚಮಚದ ಹಿಡಿಗೆ ಸೈಕಲ್ ಹ್ಯಾಂಡಲಿನ ರಬ್ಬರು ತೊಡಿಸಿದರೆ ದಪ್ಪಗಾಗಿ ಹಿಡಿಯಲು ಸಿಗುತ್ತದೆ. ಐವತ್ತು ರೂಪಾಯಿ ಖರ್ಚಿನೊಳಗಿನ ಮಾತು.

ಇನ್ನು ನಿಮ್ಮವ್ವನ ತುತ್ತು. ಇದು ಹೇಳಲು ಕಷ್ಟ, ಕೇಳಲೂ ಕಷ್ಟ. ಪ್ರೀತಿಯಿಂದಲೇ ಕೈ ಕಸಿಯುವುದುಂಟು, ತಮ್ಮಾ. ವೈನಿಯೂ ಹಾಗೇ ಮಾಡಿದರು. ಅಣ್ಣನನ್ನು ಕೊನೆಗೆ ಥೆರಪಿಗೆ ಕರೆದುಕೊಂಡು ಹೋದಾಗ ಅಲ್ಲಿನ ಹೆಣ್ಣುಮಗಳು, ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು, ವೈನಿಯ ಕೈ ಹಿಡಿದು, “ಅಮ್ಮಾ, ಇವತ್ತಿನಿಂದ ನೀವು ಕೈ ಕಟ್ಟಿ ಕೂಡಬೇಕು, ಅದು ನಿಮ್ಮ ಅಭ್ಯಾಸ” ಅಂದಳು. ಅಣ್ಣನ ಮುಂದೆ ತಾಟು. ಅದರಲ್ಲಿ ನಾವೇ ಒಯ್ದ ಕಟಿ ರೊಟ್ಟಿ, ಗುರೆಳ್ಳು ಚಟ್ನಿ. ತಾಟು ಜಾರದಂತೆ ಕೆಳಗೆ ಹಸಿ ಬಟ್ಟೆ ಹಾಸಿದಳು. ಬಿಗಿದ ಮುಷ್ಟಿಯನ್ನು ಬಿಸಿ ಶಾಖ ಕೊಟ್ಟು ನಿಧಾನಕ್ಕೆ ಬಿಡಿಸಿ, ರೊಟ್ಟಿಯ ಮೇಲೆ ಭಾರ ಹಾಕಿ ಒತ್ತಿ ಹಿಡಿಯಲು ಬಲಗೈ, ಮುರಿಯಲು ಎಡಗೈ ಅಂತ ತೋರಿಸಿದಳು. ಅಣ್ಣ ಒತ್ತಿದ, ಜಾರಿತು. ಮತ್ತೆ ಒತ್ತಿದ. ವೈನಿಯ ಕೈ ಎರಡು ಸಲ ತಾನೇ ಮುಂದೆ ಹೋಯಿತು, ಎರಡು ಸಲ ಹಿಂದೆ ಎಳೆದುಕೊಂಡರು. ಎಷ್ಟು ಹೊತ್ತಾಯಿತೋ ಏನೋ, ರೊಟ್ಟಿ ಟಪ್ ಅಂತ ಮುರಿಯಿತು. ಆ ಸಪ್ಪಳಕ್ಕೆ ಅಣ್ಣ ಅತ್ತ. ಲಕ್ವಾ ಹೊಡೆದಾಗಿನಿಂದ ಅವನು ಅತ್ತದ್ದು ಅದೇ ಮೊದಲು.

ಅವನ ಕೈ ಪೂರ್ತಿ ಬರಲಿಲ್ಲ. ಸುಳ್ಳು ಹೇಳಿ ನಿನ್ನನ್ನು ಉಬ್ಬಿಸುವುದಿಲ್ಲ. ಕೊಂಡಿ ಹಾಕುವ ಬೆರಳು ಮರಳಲಿಲ್ಲ. ಆದರೆ ಬಲಗೈಯಲ್ಲಿ ಲಡಿ ಒತ್ತಿ ಹಿಡಿದು ಎಡಗೈಯಲ್ಲಿ ನೂಲು ಬಿಡಿಸುತ್ತಿದ್ದ, ಕಂಡಿಕೆ ಸುತ್ತುತ್ತಿದ್ದ, ಹೊಸ ಹುಡುಗರು ತಪ್ಪು ಎಳೆ ಸೇರಿಸಿದರೆ ಮಗ್ಗದ ದಂಡೆಯಲ್ಲಿ ಕೂತು ಬಯ್ಯುತ್ತಿದ್ದ. ಆಮೇಲೆ ಆರು ವರ್ಷ ಬದುಕಿದ, ಧೋತರ ತಾನೇ ಉಟ್ಟ. ತಡವಾಗಿ ಹೋದವನಿಗೇ ಇಷ್ಟು ಸಿಕ್ಕಿತು. ನಿಮ್ಮಪ್ಪನಿಗೆ ಇನ್ನೂ ಮೂರೇ ವಾರ.

ಸೇನಾ ಆಸ್ಪತ್ರೆಯ ಪಾಳಿ ಬರುವತನಕ ಹತ್ತಿರದ ಬಾಗಿಲನ್ನೂ ತಟ್ಟು. ಬಾಗಲಕೋಟೆಯ ನವನಗರದಲ್ಲಿ ನಿಜಲಿಂಗಪ್ಪ ಮೆಡಿಕಲ್ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ ಇದೆ, ಜಿಲ್ಲಾ ಆಸ್ಪತ್ರೆ ಇದೆ. ಫಿಸಿಯೋ ಒಂದು ದಿನವೂ ತಪ್ಪಬಾರದು. ಪಂಚಾಯತಿ ಮಟ್ಟದಲ್ಲಿ ವಿ.ಆರ್.ಡಬ್ಲ್ಯು. ಅನ್ನುವ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ಎಂ.ಆರ್.ಡಬ್ಲ್ಯು. ಇರುತ್ತಾರೆ. ಅಂಗವೈಕಲ್ಯದ ಯುಡಿಐಡಿ ಕಾರ್ಡು, ಸಾಧನ ಸಲಕರಣೆ ಯಾವುದಕ್ಕೆ ಎಲ್ಲಿ ಅರ್ಜಿ ಅಂತ ಅವರು ಬಲ್ಲರು. ಸೈನಿಕ ಕಲ್ಯಾಣ ಕಚೇರಿಗೂ ಒಂದು ಅರ್ಜಿ ಹಾಕು. ಖಾಸಗಿಯವರ ಹತ್ತಿರ ಹೋಗುವುದಾದರೆ ಡಿಗ್ರಿ ನೋಡು. ಬ್ಯಾಚುಲರ್ ಆಫ್ ಆಕ್ಯುಪೇಷನಲ್ ಥೆರಪಿ ಓದಿದವರಿರಬೇಕು. 2021ರ ಕೇಂದ್ರ ಕಾಯ್ದೆ ಈ ವೃತ್ತಿಯನ್ನೂ ತನ್ನ ಪಟ್ಟಿಗೆ ಸೇರಿಸಿದೆ. ‘ಇಪ್ಪತ್ತೊಂದು ದಿನದಲ್ಲಿ ಗ್ಯಾರಂಟಿ’ ಅನ್ನುವವನ ಹತ್ತಿರ ನಿನ್ನ ಗಾಡಿ ನಿಲ್ಲಿಸಲೇಬೇಡ.

ನಿನ್ನ ತಂಗಿ ಪಿಯುಸಿ ಮುಗಿಸಿ ಮುಂದೇನು ಅಂತ ಕೇಳುತ್ತಿದ್ದಳು. ಮಣಿಪಾಲದಲ್ಲಿ ಈ ಓದು ಇದೆ ಅಂತ ಅವಳಿಗೆ ಹೇಳು. ಸೂಕ್ಷ್ಮ ಕೈ, ಸಮಾಧಾನದ ಹುಡುಗಿ. ಕಸೂತಿ ಹಾಕುವಾಗ ತಪ್ಪಿದ ಟಾಕನ್ನು ಬಿಚ್ಚಿ ಮತ್ತೆ ಹಾಕುವುದನ್ನು ಕಂಡಿದ್ದೇನೆ. ನಮ್ಮ ಕಡೆಯ ಮಾತಾಡುವ ಥೆರಪಿಸ್ಟ್ ಒಬ್ಬಳು ನಮ್ಮ ಜಿಲ್ಲೆಗೇ ಬಂದರೆ, ಎಷ್ಟು ವೈನಿಯರ ಹೆದರಿಕೆ ಬಿಟ್ಟೀತು!

ಮುರಳಿಕಾಂತ ಪೇಟಕರರ ಹೆಸರು ಕೇಳಿದ್ದೀಯಾ? ನಮ್ಮ ಮಗ್ಗಲಿನ ಸಾಂಗ್ಲಿ ಜಿಲ್ಲೆಯವರು, ಫೌಜಿನಲ್ಲಿ ಬಾಕ್ಸರ್. 1965ರ ಯುದ್ಧದಲ್ಲಿ ಗುಂಡು ತಾಗಿ ಸೊಂಟದ ಕೆಳಗೆ ಸೋತಿತು. ಅವರು ನೀರಿಗಿಳಿದು ಈಜು ಹಿಡಿದರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು, 2018ರಲ್ಲಿ ಪದ್ಮಶ್ರೀ ಬಂತು. ಈ ಕತೆ ನಿನಗೆ ಹೇಳಿದ್ದು. ರಾತ್ರಿ ನಿದ್ದೆ ಬಾರದೆ ‘ಇನ್ನೇನಾದೀತು’ ಅಂತ ಎದೆ ಕುಸಿದಾಗ ನೆನೆಸಿಕೋ. ಅಪ್ಪನ ಮುಂದೆ ಮಾತ್ರ ದಿನಾ ಹಾಡಬೇಡ. ಗುಂಡಿ ಹಾಕಲು ಹೆಣಗುವವನಿಗೆ ಚಿನ್ನದ ಪದಕದ ಮಾತು ಭಾರವಾಗುತ್ತದೆ. ಅವನ ಇವತ್ತಿನ ಒಂದು ಗುಂಡಿಗೆ ‘ಭಲೇ ಹವಾಲ್ದಾರ್’ ಅನ್ನು, ಸಾಕು.

ಇವತ್ತು ಶುಕ್ರವಾರ. ನಾಳೆ, ನಾಡಿದ್ದು ಕೂತು ಆ ಎರಡು ಪುಟ ಬರೆ. ಸೋಮವಾರ ಪಾಲಿಕ್ಲಿನಿಕ್ಕಿಗೆ ನಾನೂ ಬರುತ್ತೇನೆ. ಕಾರ್ಡು, ಡಿಸ್ಚಾರ್ಜ್ ಕಾಗದ, ಗುಳಿಗೆ ಚೀಟಿ ಎಲ್ಲ ಒಂದೇ ಚೀಲದಲ್ಲಿರಲಿ, ಒಂದೊಂದು ಜೆರಾಕ್ಸೂ ಇರಲಿ. ಅಪ್ಪನಿಗೆ ಪಟ್ಟಿಯ ಚಪ್ಪಲಿ ಹಾಕಿಸು, ಜಾರುವ ಸ್ಲಿಪ್ಪರ್ ಬೇಡ. ಅವ್ವನಿಗೆ ಬುತ್ತಿ ಕಟ್ಟಲು ಹೇಳು. ರೊಟ್ಟಿಯನ್ನು ಮುರಿದಿಡಬಾರದು, ಇಡಿಯಾಗಿಯೇ ಕಟ್ಟಲಿ ಅಂತ ಹೇಳುವುದನ್ನು ಮರೆಯಬೇಡ.